ಎರಡಕ್ಷರದ ‘ಛೀ’ಗೆ ಹನ್ನೊಂದು ಅಂಕ

ಸ್ಕ್ರ್ಯಾಬಲ್ ಆಟದಲ್ಲಿ ಇಂಗ್ಲಿಷಿನ ‘ಕ್ಯೂ’ ಅಕ್ಷರದ ಬಿಲ್ಲೆ ಕೈಗೆ ಬಂದರೆ ಸಂತೋಷಕ್ಕಿಂತ ಸಂಕಟವೇ ಹೆಚ್ಚೆಂಬ ಕಾಲವೊಂದಿತ್ತು. ಬಿಲ್ಲೆಗಳನ್ನು ಜೋಡಿಸಿ ಮಣೆಯ ಮೇಲೆ ಪದ ಕಟ್ಟುವ ಈ ಆಟದಲ್ಲಿ ‘ಕ್ಯೂ’ಗೆ 10 ಅಂಕ. ಆದರೆ ಇಂಗ್ಲಿಷಿನಲ್ಲಿ ‘ಕ್ಯೂ’ ಬಂದಲ್ಲೆಲ್ಲ ಸಾಮಾನ್ಯವಾಗಿ ಅದರ ಬೆನ್ನಿಗೆ ‘ಯು’ ಬರಬೇಕು. 100 ಬಿಲ್ಲೆಗಳಲ್ಲಿ ‘ಯು’ ಇರುವುದು ನಾಲ್ಕೇ. ಅವು ಎದುರಾಳಿಯ ಪಾಲಾದರೆ ‘ಕ್ಯೂ’ ಕೈಯಲ್ಲೇ ಉಳಿಯುತ್ತದೆ. ಆಟದ ಕೊನೆಗೆ ಆ 10 ಅಂಕ ಗಳಿಕೆಯಿಂದಲೇ ಕಡಿತವಾಗುತ್ತದೆ. ‘ಯು’ ಬೇಡದ ಪದಗಳೂ ಕೆಲವು ಇದ್ದವೆನ್ನಿ. ಅರಬ್ಬೀ ಮೂಲದ ‘ಫಕೀರ್’ ಅವುಗಳಲ್ಲೊಂದು. ಆದರೆ ಫಕೀರನಿಗೂ ಐದು ಬಿಲ್ಲೆ ಬೇಕು.

ಈ ತೊಡಕು ಬಿಡಿಸಿದ್ದು 2006ರಲ್ಲಿ ಉತ್ತರ ಅಮೆರಿಕದ ಪಂದ್ಯಗಳ ಪದಪಟ್ಟಿಗೆ ಸೇರಿದ ಒಂದು ಪುಟ್ಟ ಪದ. ‘ಕ್ಯೂ’, ‘ಐ’ ಎಂಬ ಎರಡೇ ಅಕ್ಷರ. ಬೆಲೆ 11 ಅಂಕ. ‘ಕ್ಯೂ’ ಇರುವ ಎರಡಕ್ಷರದ ಪದ ಪಟ್ಟಿಯಲ್ಲಿ ಇದೊಂದೇ. ಇದನ್ನು ‘ಕ್ವಿ’ ಎಂದು ಓದಿದರೆ ತಪ್ಪು. ಚೀನೀ ಭಾಷೆಯ ಈ ಪದದ ಉಚ್ಚಾರ ಹೆಚ್ಚು ಕಡಿಮೆ ಕನ್ನಡದ ‘ಛೀ’! ಸ್ವರವೂ ಮೇಲಿನಿಂದ ಸರ್ರನೆ ಕೆಳಗಿಳಿಯುವಂಥದು. ಆದರೆ ಅರ್ಥ ಮಾತ್ರ ಉಸಿರು, ಜೀವಶಕ್ತಿ.

ಮೂಲದಲ್ಲಿ ಅದು ಆವಿ. ಸುಮಾರು ಕ್ರಿ.ಶ. 100ರಲ್ಲಿ ಶ್ಯೂ ಷೆನ್ ಎಂಬ ವಿದ್ವಾಂಸ ರಚಿಸಿದ ನಿಘಂಟು ಈ ಲಿಪಿಚಿಹ್ನೆಗೆ ಮೋಡದ ಆವಿ ಎಂಬ ಅರ್ಥ ಕೊಡುತ್ತದೆ. ಅದರೊಳಗೆ ಅಕ್ಕಿಯ ಚಿಹ್ನೆ ಸೇರಿಸಿ ಬರೆದರೆ ಅತಿಥಿಗಳಿಗೆ ಕೊಡುವ ಧಾನ್ಯ ಎಂದು ಅದೇ ನಿಘಂಟು ಹೇಳುತ್ತದೆ. ಮುಂದೆ ಅಕ್ಕಿ ಇರುವ ಚಿಹ್ನೆಯೇ ಆವಿಗೂ ಉಸಿರಿಗೂ ಬಳಕೆಗೆ ಬಂತು. ಬೇಯುವ ಅನ್ನದ ಹಬೆಯೆಂದು ಅದನ್ನು ವಿವರಿಸುವುದುಂಟು. ಕೇಳಲು ಚೆಂದ, ಹಳೆಯ ನಿಘಂಟು ಮಾತ್ರ ಹಾಗೆ ಹೇಳುವುದಿಲ್ಲ. 1956ರ ಲಿಪಿ ಸರಳೀಕರಣದಲ್ಲಿ ಚೀನಾ ಅಕ್ಕಿಯನ್ನು ಕೈಬಿಟ್ಟು ಹಳೆಯ ಆವಿಗೇ ಮರಳಿತು.

ಭಾರತೀಯ ಓದುಗರಿಗೆ ಇಲ್ಲಿ ‘ಪ್ರಾಣ’ ನೆನಪಾಗುವುದು ಸಹಜ. ದೇಹದಲ್ಲಿ ಇದರ ಹರಿವು ತಡೆದರೆ ಕಾಯಿಲೆ ಎಂದು ಚೀನೀ ವೈದ್ಯ ಪದ್ಧತಿ ಹೇಳುತ್ತದೆ. ಆದರೆ ಪದದ ಹರವು ಇನ್ನೂ ದೊಡ್ಡದು. ಆಕಾಶದ ‘ಛೀ’ ಎಂದರೆ ಹವಾಮಾನ. ‘ಛೀ’ ಹುಟ್ಟಿತೆಂದರೆ ಸಿಟ್ಟು ಬಂತೆಂದು ಅರ್ಥ. ಅತಿಥಿಯ ‘ಛೀ’ ಎಂದರೆ ಸೌಜನ್ಯ, ಸಂಕೋಚ.

ಇಷ್ಟು ಹಳೆಯ ಪದಕ್ಕೆ ‘ಕ್ಯೂ’ ಅಂಟಿಕೊಂಡದ್ದು ಮಾತ್ರ ತೀರ ಈಚೆಗೆ. 19ನೇ ಶತಮಾನದಲ್ಲಿ ಬ್ರಿಟಿಷ್ ರಾಜತಾಂತ್ರಿಕರಾದ ವೇಡ್ ಮತ್ತು ಗೈಲ್ಸ್ ರೂಪಿಸಿದ ಕ್ರಮದಲ್ಲಿ ಇದು ‘ಸಿ, ಎಚ್, ಐ’ ಆಗಿತ್ತು. ನಡುವೆ ಒಂದು ಲೋಪಚಿಹ್ನೆ ಬೇರೆ. ಚೀನೀ ಉಚ್ಚಾರವನ್ನು ರೋಮನ್ ಲಿಪಿಯಲ್ಲಿ ಬರೆಯಲು ಚೀನಾ ಸರ್ಕಾರ ಪಿನ್‌ಯಿನ್ ಎಂಬ ಹೊಸ ಕ್ರಮವನ್ನು ಅಂಗೀಕರಿಸಿದ್ದು 1958ರಲ್ಲಿ. ಇದರ ಹಿಂದೆ ದುಡಿದವರಲ್ಲಿ ಪ್ರಮುಖರು ಝೌ ಯೂಗುವಾಂಗ್. ವೃತ್ತಿಯಿಂದ ಅರ್ಥಶಾಸ್ತ್ರಜ್ಞ, 1940ರ ದಶಕದ ಕೊನೆಗೆ ನ್ಯೂಯಾರ್ಕ್‌ನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದವರು. ಅಮೆರಿಕದ ವಾಸ್ತುಶಿಲ್ಪಿ ಆಲ್‌ಫ್ರೆಡ್ ಬಟ್ಸ್ 1930ರ ದಶಕದಲ್ಲಿ ಕಲ್ಪಿಸಿದ ಆಟಕ್ಕೆ ಜೇಮ್ಸ್ ಬ್ರುನೋ ‘ಸ್ಕ್ರ್ಯಾಬಲ್’ ಎಂದು ಹೆಸರಿಟ್ಟದ್ದೂ ಆಗಲೇ, 1948ರಲ್ಲಿ.

ಇಂಗ್ಲಿಷಿನಲ್ಲಿ ಅಪರೂಪವಾದ ‘ಕ್ಯೂ’ಗೆ ಬಟ್ಸ್ ಅತಿ ಹೆಚ್ಚಿನ ಅಂಕ ಕೊಟ್ಟರು. ಪಿನ್‌ಯಿನ್ ಅದೇ ಅಕ್ಷರವನ್ನು ಚೀನೀ ಭಾಷೆಯ ದಿನಬಳಕೆಯ ಒಂದು ಧ್ವನಿಗೆ ಕೊಟ್ಟಿತು. ಪಿನ್‌ಯಿನ್‌ಗೆ 1982ರಲ್ಲಿ ಅಂತಾರಾಷ್ಟ್ರೀಯ ಮಾನ್ಯತೆ ದೊರೆತ ಬಳಿಕ ಇಂಗ್ಲಿಷ್ ನಿಘಂಟುಗಳಿಗೂ ಹೊಸ ಕಾಗುಣಿತ ನುಗ್ಗಿತು. ಝೌ 2017ರಲ್ಲಿ, 111ನೇ ವಯಸ್ಸಿನಲ್ಲಿ ನಿಧನರಾದರು.

ತಮಾಷೆಯೆಂದರೆ, ಹಳೆಯ ರೂಪವೂ ಪದಪಟ್ಟಿಯಲ್ಲಿ ಉಳಿದಿದೆ. ‘ಸಿ, ಎಚ್, ಐ’ ಎಂದು ಬರೆದರೆ 8 ಅಂಕ. ಜಪಾನಿಗೆ ಹೋಗಿ ‘ಕಿ’ ಆಗಿ ಬಂದದ್ದೂ ಇದೇ ಪದ. ಐಕಿಡೊ, ರೇಕಿಗಳಲ್ಲಿರುವುದು ಅದೇ. ಅದಕ್ಕೆ 6 ಅಂಕ. (‘ತಾಯ್ ಚಿ’ಯ ‘ಚಿ’ ಮಾತ್ರ ಬೇರೆ; ಅದರ ಅರ್ಥ ಪರಮಾವಧಿ.) ಉಸಿರು ಒಂದೇ, ಬೆಲೆ ಮೂರು. ಜಾಣ ಆಟಗಾರರು ‘ಕ್ಯೂ’ವನ್ನು ಅಕ್ಷರದ ಅಂಕ ಮೂರು ಪಟ್ಟಾಗುವ ಮನೆಯಲ್ಲಿಟ್ಟು, ಅಡ್ಡಕ್ಕೂ ಉದ್ದಕ್ಕೂ ಇದೇ ಪದ ಕೂಡಿಸಿ, ಒಂದೇ ಸರದಿಯಲ್ಲಿ 62 ಅಂಕ ಎತ್ತುತ್ತಾರೆ. ಅರ್ಥ ಹೇಳಬೇಕೆಂಬ ನಿಯಮ ಆಟದಲ್ಲಿಲ್ಲ.