ಡಿಸ್ಕೋ ಕೇಳಿ ಬೆಳೆದವರು ಈಗ ಪೆನ್ಷನ್ ತಗೊಳ್ತಿದ್ದಾರೆ



ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆ ಬಿಟ್ಟರೆ ಉಳಿಯೋದು ಈ ಐದು ತಾಲ್ಲೂಕು. ಈ ಕಡೆ ‘ಡಿಜೆ’ ಅಂದ್ರೆ ಒಬ್ಬ ಮನುಷ್ಯ ಅಲ್ಲ, ಒಂದು ಲಾರಿ. ಗಣಪತಿ ಬಿಡೋ ದಿನ ಸ್ಪೀಕರ್ ಡಬ್ಬಗಳನ್ನ ಮಾಳಿಗೆ ಎತ್ತರಕ್ಕೆ ಜೋಡಿಸಿರ್ತಾರೆ, ಕಿಟಕಿ ಗಾಜು ನಡುಗುತ್ತೆ, ಮುಂದೆ ಹುಡುಗರು ಕುಣೀತಾರೆ. ಹಿರಿಯರು ಬಾಗಿಲು ಮುಂದಕ್ಕೆ ಹಾಕ್ಕೊಂಡು ಒಳಗೆ ಕೂತಿರ್ತಾರೆ. ಈ ಚಿತ್ರ ನಮ್ಮ ತಲೇಲಿ ಎಷ್ಟು ಗಟ್ಟಿಯಾಗಿ ಕೂತಿದೆ ಅಂದ್ರೆ, ರಿಟೈರ್ ಆದ ಯಾರೋ ಮನೇಲಿ ಕೂತು ಎಲೆಕ್ಟ್ರಾನಿಕ್ ಡಾನ್ಸ್ ಮ್ಯೂಸಿಕ್ ಮಾಡ್ತಾರೆ ಅಂತ ಕೇಳಿದ್ರೆ ಮೊದಲು ನಗು ಬರುತ್ತೆ. “ಈ ವಯಸ್ಸಿನಾಗ ಇದ್ಯಾಕ ಬೇಕಾಗಿತ್ತು ಯಜಮಾನ್ರಿಗೆ?” ಅನ್ನೋ ಮಾತು ಬರುತ್ತೆ.

ಇವತ್ತಿನ ಸಂಚಿಕೆ ಆ ನಗುವಿನ ಬೆನ್ನು ಹತ್ತಿದ್ದು. ಮೊದಲು ಒಂದು ಸಣ್ಣ ಲೆಕ್ಕ. ಬಿಕಾಂ ಓದಿದವನು ನಾನು, ಲೆಕ್ಕ ಹಾಕದೆ ಬಿಡೋನಲ್ಲ.

ಕರ್ನಾಟಕದಲ್ಲಿ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 60. ಅಂದ್ರೆ 2025ರಲ್ಲಿ ನಿವೃತ್ತರಾದ ಮೇಷ್ಟ್ರು ಹುಟ್ಟಿದ್ದು 1965ರಲ್ಲಿ. ‘ಕುರ್ಬಾನಿ’ ಸಿನಿಮಾ ಬಂದಿದ್ದು 1980. ಆಗ ಅವರಿಗೆ 15. ಇಳಯರಾಜ ಸಂಗೀತದ, ಶಂಕರ್ ನಾಗ್ ಅವರ ‘ಗೀತಾ’ ಬಂದಾಗ, ಅಂದ್ರೆ 1981ರಲ್ಲಿ, 16. ಹಂಸಲೇಖ ಅವರ ‘ಪ್ರೇಮಲೋಕ’ 1987ರಲ್ಲಿ ಊರೂರಿನ ಟೇಪ್ ರೆಕಾರ್ಡರ್‌ಗಳಲ್ಲಿ ಹಾಡಿದಾಗ 22. ಎಲೆಕ್ಟ್ರಾನಿಕ್ ಸದ್ದು ನಮ್ಮ ಸಿನಿಮಾ ಹಾಡಿನೊಳಗೆ ನುಗ್ಗಿದ ಆ ಏಳೆಂಟು ವರ್ಷ ಇದೆಯಲ್ಲ, ಅದು ಪೂರ್ತಿ ಇವರ ಹರೆಯದ ಕಾಲ. ನಾವು ‘ನಮ್ಮ ಜಮಾನಾದ್ದು’ ಅಂದ್ಕೊಂಡಿರೋ ಬೀಟ್ ಅವರ ಕಿವಿಗೆ ನಮಗಿಂತ ಮುಂಚೆ ಬಿದ್ದಿದೆ.

‘ಕುರ್ಬಾನಿ’ಯ ಆ ಡಿಸ್ಕೋ ಹಾಡು, ನಾಜಿಯಾ ಹಸನ್ ಹಾಡಿದ್ದು, ಅದರ ಹಿಂದೆ ಇದ್ದದ್ದು ಬಿದ್ದು. ಹೆಸರು ಕೇಳಿ ಎಲ್ಲಿಯವರೋ ಅಂದ್ಕೋಬೇಡಿ, ಬೆಂಗಳೂರಲ್ಲಿ ಹುಟ್ಟಿದ ಕೊಡವ ಹುಡುಗ, ಪೂರ್ತಿ ಹೆಸರು ಬಿದ್ದು ಅಪ್ಪಯ್ಯ. 1960ರ ದಶಕದಲ್ಲಿ ಲಂಡನ್‌ಗೆ ಹೋದರು. 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫೂ ಫೈಟಿಂಗ್’ ಇವರ ನಿರ್ಮಾಣ. ಜಗತ್ತನ್ನ ಕುಣಿಸಿ, ಆಮೇಲೆ ಬಾಂಬೆ ಸಿನಿಮಾಕ್ಕೆ ಡಿಸ್ಕೋ ತಂದರು. ಅಲ್ಲಿಂದ 2 ವರ್ಷಕ್ಕೆ ‘ಡಿಸ್ಕೋ ಡಾನ್ಸರ್’. ದೇಶ ಪೂರ್ತಿ ಡಿಸ್ಕೋ.

ಹಾಗಾದ್ರೆ ಆಗಲೇ ಅವರು ಯಾಕೆ ಮಾಡಲಿಲ್ಲ? ದುಡ್ಡು ನೋಡಿ. ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ಟಿಆರ್-808 ಅನ್ನೋ ಡ್ರಮ್ ಯಂತ್ರ ತಂದಿತು, ಬೆಲೆ 1,195 ಡಾಲರ್. ಆಗ ಡಾಲರ್‌ಗೆ ಸುಮಾರು 8 ರೂಪಾಯಿ. ಹತ್ತಿರ ಹತ್ತಿರ 9,500 ರೂಪಾಯಿ ಆಯ್ತು, ಆಮದು ಸುಂಕ ಬೇರೆ. ಮೇಷ್ಟ್ರ ಸಂಬಳವನ್ನ ನೂರುಗಳಲ್ಲಿ ಎಣಿಸ್ತಿದ್ದ ಕಾಲ ಅದು. ಹರಪನಹಳ್ಳಿಯ ಯಾವ ಮನೆಯಲ್ಲಿ ಅದು ಬಂದೀತು? ಆಸೆ ಇತ್ತು, ಕಿವಿ ಇತ್ತು, ಸಾಮಾನು ಇರಲಿಲ್ಲ. ನೌಕರಿ, ಮದುವೆ, ಮಕ್ಕಳ ಫೀಸು, ಮನೆ ಸಾಲ. ಅಲ್ಲಿಗೆ 40 ವರ್ಷ ಹೋಯ್ತು.

ಈಗ ಆ ಯಂತ್ರಗಳ ಕಥೆಗೆ ಬರ್ತೀನಿ. ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು.

ರೋಲ್ಯಾಂಡ್ 1981ರ ಕೊನೆಗೆ ಇನ್ನೊಂದು ಪೆಟ್ಟಿಗೆ ತಂದಿತು, ಟಿಬಿ-303. ಬೆಳ್ಳಿ ಬಣ್ಣದ ಪುಟ್ಟ ಡಬ್ಬ, ಬೆಲೆ 395 ಡಾಲರ್. ಅದನ್ನ ಮಾಡಿದ್ದು ಯಾರಿಗೆ ಗೊತ್ತಾ? ಕ್ಲಬ್‌ಗಲ್ಲ. ಮನೆಯಲ್ಲಿ ಒಬ್ಬರೇ ಗಿಟಾರ್ ನುಡಿಸೋರಿಗೆ. ಜೊತೆಗೆ ಬೇಸ್ ನುಡಿಸೋಕೆ ಆಳಿಲ್ಲ, ಹಾಗಾಗಿ ಈ ಡಬ್ಬ ಬೇಸ್ ನುಡಿಸಲಿ ಅನ್ನೋದು ಲೆಕ್ಕಾಚಾರ. ಆದ್ರೆ ಅದರ ಸದ್ದು ಬೇಸ್ ಗಿಟಾರ್ ಥರ ಒಂದಿಷ್ಟೂ ಇರಲಿಲ್ಲ. ನಡೆಸೋದೂ ತಲೆನೋವು, ಸ್ವರಗಳನ್ನ ಒಂದು ಸಲ ತುಂಬಬೇಕು, ಕಾಲವನ್ನ ಇನ್ನೊಂದು ಸಲ ತುಂಬಬೇಕು. ಕೊಂಡವರು ಬೈಕೊಂಡರು. 1984ಕ್ಕೆಲ್ಲ ಕಂಪನಿ ತಯಾರಿಕೆ ನಿಲ್ಲಿಸಿತು. ಟಿಆರ್-808 ಅದಕ್ಕೂ ಮುಂಚೆ, 1983ರಲ್ಲೇ, ನಿಂತಿತ್ತು. ಎರಡೂ ಸೆಕೆಂಡ್ ಹ್ಯಾಂಡ್ ಅಂಗಡಿ ಸೇರಿದವು, ಅಗ್ಗವಾದವು. ಅಗ್ಗವಾದ ಮೇಲೆ ಅಮೆರಿಕದ ಚಿಕಾಗೋದಲ್ಲಿ ಕೈಯಲ್ಲಿ ಕಾಸಿಲ್ಲದ ಕಪ್ಪು ಹುಡುಗರ ಕೈಗೆ ಸಿಕ್ಕವು. ಫ್ಯೂಚರ್ ಅನ್ನೋ ಗುಂಪು 303ರ ತಿರುಗಣೆಗಳನ್ನ ಸುಮ್ಮನೆ ತಿರುಗಿಸುತ್ತಾ ಹೋಗಿ 1987ರಲ್ಲಿ ‘ಆ್ಯಸಿಡ್ ಟ್ರ್ಯಾಕ್ಸ್’ ಹೊರತಂದಿತು. ಆ್ಯಸಿಡ್ ಹೌಸ್ ಅನ್ನೋ ಪ್ರಕಾರಕ್ಕೆ ಹೆಸರು ಬಂದಿದ್ದು ಅಲ್ಲಿಂದ.

ಆದ್ರೆ ಅದಕ್ಕೆ 5 ವರ್ಷ ಮೊದಲೇ, 1982ರಲ್ಲಿ, ಮುಂಬೈಯಲ್ಲಿ ಇದೇ ಡಬ್ಬಗಳನ್ನ ಇಟ್ಕೊಂಡು ಒಬ್ಬರು ಕೂತಿದ್ದರು. ಚರಣ್‌ಜಿತ್ ಸಿಂಗ್. ಹಿಂದಿ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ಗಿಟಾರ್, ಬೇಸ್, ಕೀಬೋರ್ಡ್ ನುಡಿಸುತ್ತಿದ್ದ ಕಲಾವಿದ. ಆರ್.ಡಿ. ಬರ್ಮನ್ ಅಂಥವರ ಜೊತೆ ಕೆಲಸ ಮಾಡಿದವರು. ಹೊರಗಿನವರಿಗೆ ಹೆಸರು ಗೊತ್ತಿಲ್ಲ, ಆ ಕಸುಬೇ ಹಾಗೆ. ಬಿದ್ದು ತಂದ ಡಿಸ್ಕೋ ಎಲ್ಲ ಕಡೆ ಹರಡಿತ್ತು. ಎಲ್ಲರೂ ಮಾಡೋದನ್ನೇ ಮಾಡೋ ಬದಲು ಡಿಸ್ಕೋ ಬೀಟ್ ಮೇಲೆ ರಾಗ ನುಡಿಸಿದ್ರೆ ಹೇಗೆ ಅಂತ ಯೋಚಿಸಿದರು. 808ರಲ್ಲಿ ಡ್ರಮ್, 303ರಲ್ಲಿ ಬೇಸ್, ಜುಪಿಟರ್-8 ಸಿಂಥಸೈಜರ್‌ನಲ್ಲಿ ರಾಗ. ಭೈರವಿಯಿಂದ ಶುರು. ತೋಡಿ, ಯಮನ್, ಮಾಲ್‌ಕೌನ್ಸ್ ಎಲ್ಲ ಸೇರಿ ಒಟ್ಟು 10.

303 ಅವರ ಕೈಯಲ್ಲಿ ಯಾಕೆ ಚೆಂದ ಕೇಳಿತು ಅನ್ನೋದಕ್ಕೆ ನನಗೆ ಅನ್ನಿಸೋ ಕಾರಣ ಇದು. ಆ ಡಬ್ಬದಲ್ಲಿ ‘ಸ್ಲೈಡ್’ ಅಂತ ಒಂದು ಗುಂಡಿ ಇದೆ. ಒಂದು ಸ್ವರದಿಂದ ಇನ್ನೊಂದಕ್ಕೆ ನೆಗೆಯೋ ಬದಲು ಜಾರಿಕೊಂಡು ಹೋಗುತ್ತೆ. ಹಿಂದೂಸ್ತಾನಿಯವರು ಮೀಂಡ್ ಅಂತಾರಲ್ಲ, ಅದರ ಬಡ ನೆಂಟ ಅನ್ನಿ. ಪಶ್ಚಿಮದ ಗಿಟಾರಿಗೆ ಹೊಂದದ ಡಬ್ಬ ರಾಗಕ್ಕೆ ಹೊಂದಿತು.

ರೆಕಾರ್ಡ್ ಬಂತು, ಯಾರೂ ಕೊಳ್ಳಲಿಲ್ಲ. 20 ವರ್ಷ ಧೂಳು. 2002ರಲ್ಲಿ ಎಡೋ ಬೌಮನ್ ಅನ್ನೋ ಡಚ್ ಸಂಗ್ರಾಹಕರಿಗೆ ದೆಹಲಿಯ ಅಂಗಡಿಯಲ್ಲಿ ಆ ತಟ್ಟೆ ಸಿಕ್ಕಿತು. ಅವರು ಮುಂಬೈಗೆ ಬಂದು ಚರಣ್‌ಜಿತ್ ಅವರನ್ನ ಹುಡುಕಿದರು, 2010ರಲ್ಲಿ ಮರುಬಿಡುಗಡೆ ಮಾಡಿದರು. ಯುರೋಪಿನಲ್ಲಿ ಕೇಳಿದವರಲ್ಲಿ ಕೆಲವರು ಇದು ಯಾರೋ ಮಾಡಿದ ತಮಾಷೆ, 1982ರಲ್ಲಿ ಇದು ಸಾಧ್ಯವೇ ಇಲ್ಲ ಅಂದರು. ಅದೇ ಚರಣ್‌ಜಿತ್ ಸಿಂಗ್ 70 ದಾಟಿದ ಮೇಲೆ ಯುರೋಪಿನ ವೇದಿಕೆಗಳಲ್ಲಿ ನಿಂತು ಆ ರಾಗಗಳನ್ನ ನುಡಿಸಿದರು, ಅವರ ಮುಂದೆ ಕುಣಿದವರು ಮೊಮ್ಮಕ್ಕಳ ವಯಸ್ಸಿನವರು. 2015ರ ಜುಲೈನಲ್ಲಿ ಮುಂಬೈಯಲ್ಲಿ ತೀರಿಕೊಂಡರು.

ನಮ್ಮ ರಾಜ್ಯದಲ್ಲೂ ಇಂಥದ್ದೇ ಒಂದು ಎಳೆ ಇದೆ, ಯಾರೂ ಅದನ್ನ ಈ ಕಥೆಗೆ ಸೇರಿಸೋದಿಲ್ಲ. ಬೆಂಗಳೂರಿನಲ್ಲಿ ಜಿ. ರಾಜ್ ನಾರಾಯಣ್ ಅಂತ, ಇಂಜಿನಿಯರ್, ಕೊಳಲೂ ನುಡಿಸುತ್ತಿದ್ದವರು. 1979ರ ಹೊತ್ತಿಗೆ ಎಲೆಕ್ಟ್ರಾನಿಕ್ ತಂಬೂರಿಗೆ ರೂಪ ಕೊಟ್ಟರು, ರಾಡೆಲ್ ಕಂಪನಿ ಕಟ್ಟಿದರು. ತಾಳಕ್ಕೆ ತಾಳೋಮೀಟರ್, ಆಮೇಲೆ ಎಲೆಕ್ಟ್ರಾನಿಕ್ ತಬಲಾ. ನಿಮ್ಮ ಬೀದಿಯ ಸಂಗೀತದ ಮೇಷ್ಟ್ರ ಮನೇಲಿ ಬೆಳಿಗ್ಗೆ ‘ಝುಂ’ ಅಂತ ಕೇಳೋ ಪೆಟ್ಟಿಗೆ ಈ ಮನೆತನದ್ದೇ. ಯಾರಿಗಾಗಿ? ತಂಬೂರಿ ಮೀಟೋಕೆ ಇನ್ನೊಬ್ಬರಿಲ್ಲದೆ ಮನೇಲಿ ಒಬ್ಬರೇ ಅಭ್ಯಾಸ ಮಾಡೋರಿಗೆ. ಜಪಾನಿನ 303ರ ಉದ್ದೇಶ ಏನೋ, ಇದರದ್ದೂ ಅದೇ.

ಅದಕ್ಕೂ ಹಿಂದೆ ಹೋಗಿ. ಕಂಪನಿ ನಾಟಕದ ‘ಪೆಟ್ಟಿಗೆ ಮಾಸ್ತರ’ರ ಹಾರ್ಮೋನಿಯಂ ಕೂಡ ಯುರೋಪಿನಿಂದ ಬಂದ ಯಂತ್ರ. ನೆಲದ ಮೇಲೆ ಕೂತು ಕೈಯಿಂದ ಗಾಳಿ ಹಾಕೋ ಹಾಗೆ ಅದನ್ನ ಬದಲಾಯಿಸಿದ್ದು 19ನೇ ಶತಮಾನದ ಕಲ್ಕತ್ತಾದಲ್ಲಿ. ಇದು ನಮ್ಮ ಸಂಗೀತಕ್ಕೆ ಒಗ್ಗಲ್ಲ ಅಂತ ಆಕಾಶವಾಣಿ 1940ರಲ್ಲಿ ನಿಷೇಧ ಹಾಕಿತು, ಅದು ಸಡಿಲವಾಗಿದ್ದು 1971ರಲ್ಲಿ. ಆ 30 ವರ್ಷವೂ ನಮ್ಮ ಕಡೆ ಬಯಲಾಟ, ನಾಟಕ, ಭಜನೆ ಪೆಟ್ಟಿಗೆ ಇಲ್ಲದೆ ನಡೆಯಲಿಲ್ಲ. ರೇಡಿಯೊದವರ ಅಪ್ಪಣೆಗೆ ಹಡಗಲಿ ಸೀಮೆಯಲ್ಲಿ ಯಾರು ಕಾಯ್ತಿದ್ದರು?

ಈಗ ಒಬ್ಬ ಮೇಷ್ಟ್ರನ್ನ ಊಹಿಸಿಕೊಳ್ಳಿ. ಕೂಡ್ಲಿಗಿ ಅಂತ ಇಟ್ಕೊಳ್ಳಿ. ರಿಟೈರ್ ಆಗಿ 6 ತಿಂಗಳು. ಬೆಳಿಗ್ಗೆ ವಾಕಿಂಗ್, ಪೇಪರ್, ಆಮೇಲೆ ಹೊತ್ತು ಹೋಗೋದಿಲ್ಲ. ಅವರ ಹತ್ತಿರ ನಮ್ಮ ಹತ್ತಿರ ಇಲ್ಲದ್ದು ಎರಡು ಇವೆ. ಒಂದು, ಸಮಯ. ಇನ್ನೊಂದು, ಈ ಸೀಮೆಯ ಪೆಟ್ಟುಗಳು. ಕೊಟ್ಟೂರು ಕಡೆಯ ಸಮಾಳ, ನಂದಿಕೋಲು. ಊರಮ್ಮನ ಹಬ್ಬದ ಹಲಗೆ. ಹಡಗಲಿ ತಾಲ್ಲೂಕಿನ ಮೈಲಾರದ ಗೊರವಯ್ಯಗಳ ಡಮರುಗ, ಕಾಲಿನ ಗೆಜ್ಜೆ. ಆ್ಯಪ್‌ಗಳ ಜೊತೆ ಸಿದ್ಧವಾಗಿ ಬರೋ ಡ್ರಮ್ ಸದ್ದುಗಳನ್ನ ಹುಡುಕಿ, ಹೆಚ್ಚೆಂದ್ರೆ ತಬಲಾ, ಢೋಲಕ್ ಸಿಗುತ್ತೆ. ಸಮಾಳ ಅಲ್ಲಿಲ್ಲ. ಮೆರವಣಿಗೆಯಲ್ಲಿ ಲಾರಿ ಡಿಜೆ ಬಂದ ಕಡೆ ಮೊದಲು ಹಿಂದೆ ಸರಿಯೋದೂ ಇದೇ ವಾದ್ಯ. ಯಾವ ಪೆಟ್ಟು ಯಾವಾಗ ಬದಲಾಗುತ್ತೆ, ತೇರು ನಿಂತಾಗ ಹೇಗೆ, ಎಳೆಯುವಾಗ ಹೇಗೆ ಅನ್ನೋದು ಕೇಳಿ ಬೆಳೆದವರ ಮೈಯಲ್ಲಿದೆ. ಬರೆದಿಟ್ಟಿಲ್ಲ.

ಮೈಲಾರದ ಕಾರ್ಣಿಕ ನೋಡಿದ್ದೀರಾ? ಭರತ ಹುಣ್ಣಿಮೆ ಹೊತ್ತಿನ ಜಾತ್ರೆ, ಲಕ್ಷಾಂತರ ಜನ, ಡಮರುಗ, ಕೂಗು, ಧೂಳು. ಗೊರವಯ್ಯ ಎತ್ತರದ ಬಿಲ್ಲು ಏರಿ “ಸದ್ದಲೇ” ಅಂತಾನೆ. ಅಷ್ಟೂ ಜನ ಗಪ್. ಆ ಮೌನದಲ್ಲಿ ಒಂದೇ ಒಂದು ಸಾಲು ನುಡಿದು ಕೆಳಕ್ಕೆ ಬೀಳ್ತಾನೆ. ಡಾನ್ಸ್ ಮ್ಯೂಸಿಕ್‌ನಲ್ಲಿ ‘ಡ್ರಾಪ್’ ಅಂತಾರಲ್ಲ, ಸದ್ದು ಏರಿಸಿ ಏರಿಸಿ, ಒಂದು ಕ್ಷಣ ಎಲ್ಲ ನಿಲ್ಲಿಸಿ, ಆಮೇಲೆ ಬೇಸ್ ಬಿಡೋದು, ಅದನ್ನ ಈ ಜಾತ್ರೆಗೆ ಹೋಗಿ ಬಂದವರಿಗೆ ವಿವರಿಸಬೇಕಾಗಿಲ್ಲ. ದೇವರ ಕಾರ್ಯಕ್ಕೂ ಡಾನ್ಸ್ ಫ್ಲೋರ್‌ಗೂ ಹೋಲಿಸ್ತೀಯಾ ಅಂತ ಬೈಬೇಡಿ, ಕಿವಿಯ ವಿಷಯ ಮಾತ್ರ ಹೇಳ್ತಿದ್ದೀನಿ.

ಸರಿ, ಮಾಡೋದು ಹೇಗೆ? 808 ಈಗ ಹಳೆಯದ್ದು ಸಿಕ್ಕರೆ ಲಕ್ಷಗಳ ಮಾತು. ಬೇಕಾಗಿಲ್ಲ. ಬ್ಯಾಂಡ್‌ಲ್ಯಾಬ್ ಅನ್ನೋ ಆ್ಯಪ್ ಆಂಡ್ರಾಯ್ಡ್ ಫೋನಿನಲ್ಲಿ ಪುಕ್ಕಟೆ ಸಿಗುತ್ತೆ. ಐಫೋನ್ ಇದ್ರೆ ಗ್ಯಾರೇಜ್‌ಬ್ಯಾಂಡ್. ಫೋನಿನ ಪರದೆ ಅವರ ಕಣ್ಣಿಗೆ ಚಿಕ್ಕದು, ಮಕ್ಕಳ ಆನ್‌ಲೈನ್ ಕ್ಲಾಸಿಗೆ ತಂದು ಮೂಲೆಗೆ ಹಾಕಿದ ಟ್ಯಾಬ್ ಇದ್ರೆ ಅದನ್ನ ಕೊಡಿ.

808ರಿಂದ ಇವತ್ತಿನ ಆ್ಯಪ್‌ಗಳವರೆಗೆ ಬೀಟ್ ಹಾಕೋ ಸಾಮಾನ್ಯ ವಿಧಾನ ಒಂದೇ, ಸಾಲಾಗಿ 16 ಮನೆ, ಬೇಕಾದ ಮನೆಗೆ ಪೆಟ್ಟು. ಚೌಕಾಬಾರ ಗೊತ್ತಿರೋರಿಗೆ ಇದು ಕಷ್ಟವಲ್ಲ. ಭಜನೆ ಗೊತ್ತಿದ್ದರೆ ಇನ್ನೂ ಸುಲಭ. ಆದಿತಾಳ 8 ಅಕ್ಷರ, ಒಂದೊಂದಕ್ಕೆ 2 ಮನೆ, ಸರಿಯಾಗಿ 16. ಮಿಶ್ರಛಾಪು ಬೇಕಾದ್ರೆ 14ಕ್ಕೆ ನಿಲ್ಲಿಸಬೇಕು, ಅಲ್ಲಿ ಕೆಲವು ಆ್ಯಪ್‌ಗಳು ಹಟ ಮಾಡ್ತವೆ.

ಎರಡು ಎಚ್ಚರಿಕೆ. ವಯಸ್ಸಾದಂತೆ ಕಿವಿ ಮೊದಲು ಕಳ್ಕೊಳ್ಳೋದು ತಾರಕದ ಸದ್ದುಗಳನ್ನ. ಹಾಗಾಗಿ ಅವರು ಹೈ-ಹ್ಯಾಟ್‌ನ ‘ಚಿಕ್ ಚಿಕ್’ ಬೇಕಾದ್ದಕ್ಕಿಂತ ಜೋರಾಗಿ ಇಟ್ಟುಬಿಡಬಹುದು, ಕಡೆಗೊಮ್ಮೆ ಮನೆಯ ಹುಡುಗರ ಕಿವಿಗೆ ಕೇಳಿಸಿ. ಹೆಡ್‌ಫೋನ್ ಸದ್ದು ಅರ್ಧಕ್ಕಿಂತ ಮೇಲೆ ಬೇಡ, ಉಳಿದಿರೋ ಕಿವಿ ಉಳೀಬೇಕು. ಮನೆಗಳಿರೋ ಜಾಗದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಅನ್ನೋದು 2000ದ ಶಬ್ದ ಮಾಲಿನ್ಯ ನಿಯಮ, ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕೋ ಹಾಗಿಲ್ಲ. ಲಾರಿ ಡಿಜೆಗಳು ಇದನ್ನ ಎಷ್ಟು ಪಾಲಿಸ್ತವೆ ನಿಮಗೇ ಗೊತ್ತು. ಹೆಡ್‌ಫೋನ್ ಹಾಕ್ಕೊಂಡ ಮೇಷ್ಟ್ರು ರಾತ್ರಿ 2ಕ್ಕೆ ಬೇಸ್ ಬಿಟ್ಟರೂ ಪಕ್ಕದ ಮನೆ ನಾಯಿ ಕೂಡ ಎದ್ದೇಳಲ್ಲ.

ಒಂದು ಕೆಲಸ ಮಾಡಿ. ಈ ಐದು ತಾಲ್ಲೂಕಿನವರು ಯಾರಾದ್ರೂ ಕೇಳ್ತಿದ್ರೆ, ಮನೇಲಿರೋ ಹಿರಿಯರನ್ನ ಕೂರಿಸಿ, ಫೋನಿನ ರೆಕಾರ್ಡರ್ ಹಾಕಿ, ತೇರಿನ ಮುಂದಿನ ಸಮಾಳದ ಪೆಟ್ಟನ್ನ ಬಾಯಲ್ಲೋ ಮೇಜಿನ ಮೇಲೋ ನುಡಿಸಿ ತೋರಿಸೋಕೆ ಹೇಳಿ. ಒಂದು ನಿಮಿಷ ಸಾಕು. ಅದನ್ನೇ ಆ್ಯಪ್‌ಗೆ ಹಾಕಿ 808ರ ಪಕ್ಕ ಇಟ್ಟು ಅವರಿಗೆ ವಾಪಸ್ ಕೇಳಿಸಿ. ಏನಂದ್ರು ಅಂತ ನಮಗೆ ವಾಯ್ಸ್ ನೋಟ್ ಕಳಿಸಿ, ಬೈದಿದ್ರೂ ಪರವಾಗಿಲ್ಲ, ಅದನ್ನೂ ಹಾಕ್ತೀವಿ.