ಕೃತಕ ನೇತ್ರಮಸೂರದ ಬದಲಾವಣೆ: ಒಂದು ಐತಿಹಾಸಿಕ ವಿವೇಚನೆ

ಕಣ್ಣಿನ ಪೊರೆಯನ್ನು ತೆಗೆದು ಅದರ ಸ್ಥಾನದಲ್ಲಿ ಕೃತಕ ಮಸೂರವನ್ನು ನೆಲೆಗೊಳಿಸುವ ಕಾರ್ಯಕ್ಕೆ 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹೆರಾಲ್ಡ್ ರಿಡ್ಲಿಯು ಕೈಹಾಕಿದನು. ಯುದ್ಧವಿಮಾನಗಳ ಪರ್ಸ್ಪೆಕ್ಸ್ ಚೂರುಗಳು ವೈಮಾನಿಕರ ಕಣ್ಣುಗಳಲ್ಲಿ ಉರಿಯೂತವನ್ನುಂಟುಮಾಡದೆ ಉಳಿದುದು ಅವನ ಗಮನಕ್ಕೆ ಬಂದಿದ್ದಿತು. ಇಷ್ಟು ವೃತ್ತಾಂತವು ಸುಪರಿಚಿತವೇ. ಆದರೆ ಆ ಮೊದಲ ರೋಗಿಗೆ ಕಂಡುದೇನು ಎಂದು ಕೇಳುವವರು ವಿರಳ. ಮಸೂರದ ಶಕ್ತಿಯು ಮಿತಿಮೀರಿದ್ದುದರಿಂದ ಆಕೆಗೆ ಸುಮಾರು 18 ಡಯಾಪ್ಟರುಗಳಷ್ಟು ಸಮೀಪದೃಷ್ಟಿ ಉಂಟಾಯಿತು. ಪರ್ಸ್ಪೆಕ್ಸ್ ಸಹಜ ಮಸೂರಕ್ಕಿಂತ ಬೆಳಕನ್ನು ಹೆಚ್ಚಾಗಿ ಬಾಗಿಸುತ್ತದೆ. ಮುಂದೆ ಹಲವು ಮಸೂರಗಳು ಸ್ಥಳ ತಪ್ಪಿ ಜಾರಿದುದರಿಂದ ಅವುಗಳನ್ನು ಹೊರತೆಗೆಯಬೇಕಾಯಿತು. ಅಂದರೆ ಅಳವಡಿಕೆಯ ಚರಿತ್ರೆಯಷ್ಟೇ ಹಳೆಯದು, ತೆಗೆಯುವಿಕೆಯ ಚರಿತ್ರೆ.

ಸೋವಿಯತ್ ವೈದ್ಯ ಫ್ಯೊದೊರೊವ್ 1967ರಲ್ಲಿ ಮಸೂರಶಕ್ತಿಯ ಸೂತ್ರವನ್ನು ಪ್ರಕಟಿಸಿದನು. ಶ್ರವಣಾತೀತ ತರಂಗಗಳಿಂದ ಕಣ್ಣಿನ ಉದ್ದವನ್ನಳೆಯುವ ಕ್ರಮವೂ ರೂಢಿಗೆ ಬಂದಿತು. ಲೆಕ್ಕದ ದೋಷವು ತಗ್ಗಿತು. ಅತೃಪ್ತಿಯು ಮಾತ್ರ ರೂಪಾಂತರ ಹೊಂದಿತು. ಬಹುಕೇಂದ್ರ ಮಸೂರವನ್ನು ಪಡೆದವನು ಫಲಕದ ಕೊನೆಯ ಸಾಲನ್ನು ಓದಿಯೂ, ರಾತ್ರಿ ದೀಪಗಳ ಸುತ್ತ ಪ್ರಭಾವಲಯಗಳು ಕಾಣುತ್ತವೆಂದು ದೂರುವುದುಂಟು. ಫಲಕವನ್ನೇ ಪ್ರಮಾಣವೆಂದು ನಂಬಿ ಇಂತಹವನನ್ನು ಸುಮ್ಮನೆ ಕಳುಹಿಸುವುದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ.

ಮಿದುಳು ಹೊಸ ನೋಟಕ್ಕೆ ಒಗ್ಗಲು ಕೆಲವು ತಿಂಗಳುಗಳು ಬೇಕು. ಅಷ್ಟರೊಳಗೆ ಮಸೂರದ ಚೀಲವು ಅದಕ್ಕೆ ಅಂಟಿಕೊಳ್ಳತೊಡಗುವುದರಿಂದ ಬದಲಾವಣೆಯು ಕಠಿಣವಾಗುತ್ತ ಹೋಗುತ್ತದೆ. ಈ ನಡುವೆ, ಮಬ್ಬಿನ ದೂರಿಗೆ ಪರಿಹಾರವೆಂದು ಚೀಲದ ಹಿಂಪೊರೆಯನ್ನು ಲೇಸರಿನಿಂದ ಸೀಳಿದರೆ, ಮಸೂರವನ್ನು ತೆಗೆಯುವಾಗ ಕಣ್ಣಿನೊಳಗಣ ಗಾಜುರಸವು ಮುನ್ನುಗ್ಗುವ ಅಪಾಯವಿದೆ. ಆದುದರಿಂದ ದೂರಿನ ಮೂಲವು ಮಸೂರವೋ ಪೊರೆಯೋ ಎಂಬುದನ್ನು ಲೇಸರಿಗೆ ಮೊದಲೇ ನಿರ್ಣಯಿಸಬೇಕಾಗುತ್ತದೆ.