ಇಂಬಳ ಕಚ್ಚಿದ್ದು ಗೊತ್ತಾಗಲ್ಲ ಸಾರ್: ಮಕ್ಕಳ ಪುಸ್ತಕದ ಮೊದಲ ಕೇಳುಗರು

ಹೋದ ಮಳೆಗಾಲದಲ್ಲಿ ಮೂಡಿಗೆರೆ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಬರೆದ ಇಂಬಳದ ಕತೆಯೊಂದನ್ನು ಓದಿದೆ. ಐದನೇ ಕ್ಲಾಸು, ಹದಿನೆಂಟು ಮಕ್ಕಳು. ಹೆಂಚಿನ ಮೇಲೆ ಮಳೆ ಸುರಿಯುತ್ತಿದ್ದ ಸದ್ದಿಗೆ ಗಂಟಲು ಹರಿದುಕೊಂಡೇ ಓದಬೇಕಾಗಿತ್ತು. ಕತೆಯ ಹುಡುಗ ಕಾಫಿ ತೋಟದ ದಾರಿಯಲ್ಲಿ ಬರುತ್ತಾನೆ, ಕಾಲಿಗೆ ಇಂಬಳ ಕಚ್ಚುತ್ತದೆ, ಹುಡುಗ ನೋವಿಗೆ ಕಿರುಚಿಕೊಂಡು ಓಡುತ್ತಾನೆ. ಎರಡನೇ ಸಾಲಿನಿಂದ ಒಂದು ಕೈ ಎದ್ದಿತು. “ಇಂಬಳ ಕಚ್ಚಿದ್ದು ಗೊತ್ತೇ ಆಗಲ್ಲ ಸಾರ್. ಮನೆಗ್ಹೋಗಿ ಕಾಲು ತೊಳೆಯೋವಾಗ ರಕ್ತ ಕಂಡ್ರೆ ಗೊತ್ತಾಗೋದು.”

ಕತೆ ನಿಂತಿದ್ದದ್ದೇ ಆ ಕಿರುಚಾಟದ ಮೇಲೆ. ಇದೇ ಸೀಮೆಯಲ್ಲಿ ಹುಟ್ಟಿ, ಉಪ್ಪಿನ ಗಂಟು ಹಿಡಿದು ತೋಟ ಸುತ್ತಿದ ನನಗೆ ಇದು ತಿಳಿಯದ ಸಂಗತಿಯೇ? ಆದರೂ ಬರೆಯಲು ಕೂತಾಗ ಎಲ್ಲೋ ಓದಿದ ಜೇನುಹುಳದ ಕತೆಯ ಕೂಗು ಬಂದು ಇಂಬಳದ ಬಾಯಿಗೆ ಸೇರಿಕೊಂಡಿತ್ತು. ಇದಕ್ಕೂ ಮುಂಚೆ ಮೂವರು ಬರಹಗಾರ ಗೆಳೆಯರು ಓದಿ, “ಭಾಳ ಚೆನ್ನಾಗಿದೆ ಮಾರಾಯ್ರೆ, ಬೇಗ ಪುಸ್ತಕ ಮಾಡಿ” ಅಂದಿದ್ದರು.

ಅವತ್ತಿನಿಂದ ತಲೆಯಲ್ಲಿ ಒಂದೇ ಪ್ರಶ್ನೆ. ನೂರು ವರ್ಷದ ಕನ್ನಡ ಮಕ್ಕಳ ಸಾಹಿತ್ಯದಲ್ಲಿ ಅಚ್ಚಿಗೆ ಹೋಗುವ ಮೊದಲು ಪುಸ್ತಕವನ್ನು ಯಾರು ಕೇಳಿದ್ದಾರೆ, ಯಾರು ತಿದ್ದಿದ್ದಾರೆ? ಬಿಡುಗಡೆಯಾದ ಮೇಲೆ ಹಾರ ಹಾಕುವವರ ಇತಿಹಾಸ ಬೇಕಾದಷ್ಟಿದೆ. ನನಗೆ ಬೇಕಾದದ್ದು ಬೇರೆ.

ಶುರುವಾಗುವುದು ಪಂಜೆ ಮಂಗೇಶರಾಯರಿಂದಲೇ (1874–1937). ಬಂಟ್ವಾಳದಲ್ಲಿ ಹುಟ್ಟಿ, ಮೇಷ್ಟರಾಗಿ, ಶಾಲಾ ಇನ್ಸ್‌ಪೆಕ್ಟರಾಗಿ ಊರೂರು ತಿರುಗಿದ ಮನುಷ್ಯ. ನಮ್ಮ ಪಕ್ಕದ ಕೊಡಗಿನಲ್ಲೂ ಕೆಲಸ ಮಾಡಿದವರು. 1920ರ ಆಸುಪಾಸಿನಲ್ಲಿ ಮಂಗಳೂರಿನಲ್ಲಿ ಗೆಳೆಯರನ್ನು ಕಟ್ಟಿಕೊಂಡು ‘ಬಾಲಸಾಹಿತ್ಯ ಮಂಡಲ’ ಎಂಬುದನ್ನು ನಡೆಸಿದರು. ಮಕ್ಕಳಿಗಾಗಿ ಬರೆಯುವುದು ಒಬ್ಬೊಬ್ಬರ ಹವ್ಯಾಸವಾಗಿದ್ದರೆ ಸಾಲದು, ಕೂಡಿ ಮಾಡುವ ಕೆಲಸವಾಗಬೇಕು ಎಂದು ಕನ್ನಡದಲ್ಲಿ ಮೊದಲು ತೋಚಿದ್ದು ಬಹುಶಃ ಇವರಿಗೇ. ಅದೇ ಹೊತ್ತಿಗೆ ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪು ತಮ್ಮ ಕವಿತೆಗಳನ್ನು ಪರಸ್ಪರ ಕೇಳಿಸಿಕೊಳ್ಳುತ್ತಿತ್ತು. ದೊಡ್ಡವರ ಕಾವ್ಯಕ್ಕೆ ಅಂಥ ಗುಂಪುಗಳು ಆಮೇಲೂ ಹುಟ್ಟಿದವು. ಮಕ್ಕಳ ಸಾಹಿತ್ಯಕ್ಕೆ ಆ ಭಾಗ್ಯ ಅಷ್ಟು ಸುಲಭವಾಗಿ ಸಿಗಲಿಲ್ಲ.

ಪಂಜೆಯವರ ಪದ್ಯಗಳು ನಾಲಿಗೆಯ ಮೇಲೆ ಹೇಗೆ ಉರುಳುತ್ತವೆ ಎಂದು ಯಾರಿಗಾದರೂ ಅನುಮಾನವಿದ್ದರೆ ಅಜ್ಜಿಯೊಬ್ಬಳ ಬಾಯಲ್ಲಿ ನಾಗರಹಾವಿನ ಪದ್ಯ ಕೇಳಬೇಕು. ತರಗತಿಯಲ್ಲಿ ಗಟ್ಟಿಯಾಗಿ ಹೇಳಿ, ಮಕ್ಕಳು ಎಲ್ಲಿ ಎಡವುತ್ತಾರೆ ಎಂದು ಕಂಡವನಿಗಷ್ಟೇ ಬರುವ ಲಯ ಅದು. ಜಿ.ಪಿ. ರಾಜರತ್ನಂ ಅವರ ‘ತುತ್ತೂರಿ’ಯಲ್ಲೂ ಈ ಗುಣ ಇದೆ. ಕುವೆಂಪು ಬ್ರೌನಿಂಗನ ಕೊಳಲಿನವನನ್ನು ಬೊಮ್ಮನಹಳ್ಳಿಗೆ ತಂದಾಗ ಇಲಿಗಳ ಪಟ್ಟಿಯೇ ಒಂದು ಕುಣಿತವಾಯಿತು. ಇವರ ಪಾಲಿಗೆ ವಿಮರ್ಶಕರೂ ಸಂಪಾದಕರೂ ಎದುರಿಗಿದ್ದ ಮಕ್ಕಳ ಕಿವಿಗಳೇ.

ಇದಕ್ಕೆ ಪಕ್ಕಾ ಅಪವಾದ ಶಿವರಾಮ ಕಾರಂತರು. 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಒಂಟಿ ಸಲಗದಂತೆ ಮಾಡಿ ಮುಗಿಸಿದರು. ಗುಂಪು ಬೇಕೇ ಬೇಕು ಎಂದು ವಾದಿಸುವಾಗ ಈ ಹೆಸರು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆದರೆ ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಸೇರಿಸಿ ಕುಣಿಸಿ, ನಾಟಕ ಆಡಿಸಿದವರೂ ಇವರೇ. ಒಂಟಿ ಎಂದರೆ ಎಷ್ಟು ಒಂಟಿ?

ಇವರಾದ ಮೇಲೆ ಬಂದದ್ದು ತಂಡಗಳ ಕಾಲ. ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳ ಕಿರಿಯರ ವಿಶ್ವಕೋಶ ‘ಜ್ಞಾನಗಂಗೋತ್ರಿ’ ಹೊರಬಂತು. ರಾಷ್ಟ್ರೋತ್ಥಾನ ಪರಿಷತ್ತಿನ ‘ಭಾರತ ಭಾರತಿ’ ಮಾಲೆಯಲ್ಲಿ 510 ಪುಟ್ಟ ಪುಸ್ತಕಗಳು ಬಂದವು, ಎಲ್.ಎಸ್. ಶೇಷಗಿರಿರಾಯರು ಅದರ ಸಂಪಾದಕರು. ಅಷ್ಟು ಮಂದಿ ಬೇರೆ ಬೇರೆ ಲೇಖಕರ ಪ್ರತಿಗಳನ್ನು ಒಂದೇ ಅಳತೆಗೆ, ಮಗು ಓದುವ ಒಂದೇ ಹದದ ಕನ್ನಡಕ್ಕೆ ತರುವುದೆಂದರೆ ತಮಾಷೆಯಲ್ಲ. ಆ ಮಾಲೆಯ ಧೋರಣೆಯ ಬಗ್ಗೆ ತಕರಾರು ಇರುವವರು ಇದ್ದಾರೆ, ಇರಲಿ. ಸಂಪಾದಕ ಎನ್ನುವ ಪ್ರಾಣಿ ಕನ್ನಡ ಮಕ್ಕಳ ಪುಸ್ತಕದಲ್ಲಿ ನಿಜಕ್ಕೂ ಬದುಕಿದ್ದ ದಿನಗಳು ಅವು.

ಚಿತ್ರಕಾರರ ಪಾಡು ಬೇರೆ. 1949ರಲ್ಲಿ ಕನ್ನಡಕ್ಕೆ ಬಂದ ‘ಚಂದಮಾಮ’ದ ಮುಖಪುಟಗಳನ್ನು ಬರೆದವರಲ್ಲಿ ನಮ್ಮ ಮೈಸೂರು ಸೀಮೆಯ ಎಂ.ಟಿ.ವಿ. ಆಚಾರ್ಯ ಇದ್ದರು. ಮದರಾಸು ಬಿಟ್ಟು ಬೆಂಗಳೂರಿಗೆ ಬಂದ ಮೇಲೆ ಅವರು ಅಂಚೆಯ ಮೂಲಕ ಚಿತ್ರಕಲೆ ಕಲಿಸುವ ಶಾಲೆ ನಡೆಸಿದರು. ಶಿಷ್ಯ ಊರಲ್ಲೇ ಕೂತು ಬರೆದು ಕಳಿಸಬೇಕು, ತಪ್ಪು ಒಪ್ಪು ಲಕೋಟೆಯಲ್ಲಿ ವಾಪಸು ಬರಬೇಕು. ಕಳಸದಂಥ ಊರಿನ ಹುಡುಗನಿಗೆ, ಬಸ್ಸೇ ಅಪರೂಪವಾಗಿದ್ದ ಕಾಲದಲ್ಲಿ, ಇದಕ್ಕಿಂತ ದೊಡ್ಡ ಗುರುಕುಲ ಎಲ್ಲಿ ಸಿಗಬೇಕಿತ್ತು? ಅದು ಬಿಟ್ಟರೆ ಕತೆ ಬರೆದವನೂ ಚಿತ್ರ ಬರೆದವನೂ ಒಬ್ಬರ ಮುಖ ಒಬ್ಬರು ನೋಡದೆಯೇ ನಮ್ಮಲ್ಲಿ ಪುಸ್ತಕಗಳು ಆಗುತ್ತಿದ್ದವು. ಈಗಲೂ ಬಹಳಷ್ಟು ಹಾಗೇ.

ಗೆಳೆಯರ ಮಾತು ತಕ್ಷಣ ಕೆಲಸಕ್ಕೆ ಬಂದದ್ದು ನಾಟಕದಲ್ಲಿ. ವೈದೇಹಿಯವರ ಮಕ್ಕಳ ನಾಟಕಗಳು, ಸಾಗರದ ಕಡೆ ತುಮರಿಯಲ್ಲಿ ಕೆ.ಜಿ. ಕೃಷ್ಣಮೂರ್ತಿಯವರ ಕಿನ್ನರ ಮೇಳ, ನಮ್ಮ ನೆರೆಯ ಸಕಲೇಶಪುರ ತಾಲ್ಲೂಕಿನಲ್ಲಿ ಪ್ರಸಾದ್ ರಕ್ಷಿದಿ ಅವರು ಕಾಫಿ ತೋಟದ ಕಾರ್ಮಿಕರ ಜೊತೆ ಕಟ್ಟಿದ ಬೆಳ್ಳೇಕೆರೆಯ ತಂಡ, ಇಲ್ಲೆಲ್ಲ ಬರೆದ ಮಾತು ತಾಲೀಮಿನಲ್ಲಿ ಬಾಯಿಗೆ ಬರಲೇಬೇಕು. ಬರದಿದ್ದರೆ ಅದೇ ಸಂಜೆ ಬದಲಾಗುತ್ತದೆ. ಪುಸ್ತಕದ ಮಾತಿಗೆ ಆ ಭಯ ಇಲ್ಲ.

ಇನ್ನು ಮೂಡಿಗೆರೆಯವನಾಗಿ ತೇಜಸ್ವಿಯವರ ಸುದ್ದಿ ಎತ್ತದೆ ಹೋಗುವುದು ಹೇಗೆ. ‘ಕರ್ವಾಲೊ’ (1980), ‘ಪರಿಸರದ ಕತೆ’ (1991), ಮಿಲೇನಿಯಂ ಸರಣಿ, ಹಕ್ಕಿಗಳ ಪುಸ್ತಕಗಳು ಯಾವುದೂ ಮಕ್ಕಳ ಸಾಹಿತ್ಯವೆಂಬ ಹಣೆಪಟ್ಟಿ ಕಟ್ಟಿಕೊಂಡು ಬರಲಿಲ್ಲ. ಆದರೂ ಇಲ್ಲಿನ ಶಾಲಾ ಮಕ್ಕಳು ಎಗರಿಸಿಕೊಂಡು ಓದಿದ್ದು ಅವನ್ನೇ. ತೇಜಸ್ವಿ ಅಂದರೆ ಕಾಡಿನಲ್ಲಿ ಒಬ್ಬರೇ ಗಾಳ ಹಾಕಿ ಕೂತ ಮನುಷ್ಯ ಎಂಬ ಚಿತ್ರ ಎಲ್ಲರ ಮನಸ್ಸಿನಲ್ಲಿದೆ. ಅರ್ಧ ಮಾತ್ರ ನಿಜ ಅದು. ಅವರ ಹೆಂಡತಿ ರಾಜೇಶ್ವರಿಯವರ ‘ನನ್ನ ತೇಜಸ್ವಿ’ ಓದಿದವರಿಗೆ ಆ ಮನೆಯ ಬಾಗಿಲು ಎಷ್ಟು ತೆರೆದಿತ್ತು ಎಂದು ಗೊತ್ತು. ‘ಪ್ಯಾಪಿಲಾನ್’ ಅನುವಾದದಲ್ಲಿ ಪ್ರದೀಪ್ ಕೆಂಜಿಗೆ ಜೊತೆಗಾರರು. ಪುಸ್ತಕ ಪ್ರಕಾಶನವೂ ಗೆಳೆತನದಿಂದಲೇ ನಡೆದದ್ದು. ಪುಟ ಕಟ್ಟುವುದು, ಫೋಟೊ, ಚಿತ್ರ ಎಲ್ಲಕ್ಕೂ ತೇಜಸ್ವಿಯವರೇ ಕೈ ಹಾಕುತ್ತಿದ್ದರು.

ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದು. ‘ಕರ್ವಾಲೊ’ದಲ್ಲಿ ವಿಜ್ಞಾನಿಗೆ ಹಾರುವ ಓತಿಯ ಜಾಡು ತೋರಿಸುವವನು ಊರಿನವರು ಉಂಡಾಡಿ ಎಂದು ಬಗೆದ ಮಂದಣ್ಣ. ಬಲ್ಲವನು ಯಾರು ಎಂಬ ಪ್ರಶ್ನೆಯನ್ನು ತಲೆಕೆಳಗು ಮಾಡಿದ ಪುಸ್ತಕ ಅದು. ‘ಪರಿಸರದ ಕತೆ’ಯಲ್ಲಿ ಮಾರ, ಪ್ಯಾರ ಇವರೆಲ್ಲ ಲೇಖಕನನ್ನು ತಿದ್ದುತ್ತಲೇ, ಗೋಳುಹೊಯ್ದುಕೊಳ್ಳುತ್ತಲೇ ಇರುತ್ತಾರೆ. ತಿದ್ದುವವರನ್ನೇ ಕತೆಯೊಳಗೆ ಕರೆದು ಕೂರಿಸಿದ ಬರಹ ಅದು. ಎರಡನೇ ಸಾಲಿನ ಆ ಹುಡುಗ ನನಗೆ ಮಾಡಿದ್ದೂ ಇದನ್ನೇ, ನಾನು ಕತೆಯೊಳಗೆ ಅವನಿಗೆ ಜಾಗ ಮಾಡಿರಲಿಲ್ಲ ಅಷ್ಟೆ. ತೇಜಸ್ವಿ 2007ರಲ್ಲಿ ಹೋದರು. ಕೊಟ್ಟಿಗೆಹಾರದಲ್ಲಿ ಈಗ ಅವರ ಹೆಸರಿನ ಪ್ರತಿಷ್ಠಾನ ಇದೆ, ಮಕ್ಕಳು ಗುಂಪುಗುಂಪಾಗಿ ಬಂದು ಹೋಗುತ್ತಾರೆ. ಅಂಥ ಜಾಗದಲ್ಲಿ ವರ್ಷಕ್ಕೆರಡು ಸಲ ಹಸ್ತಪ್ರತಿ ಓದುವ ಬೈಠಕ್ ನಡೆದರೆ ನಾನಂತೂ ಮೊದಲ ಸಾಲಿನಲ್ಲಿ ಕೂರುತ್ತೇನೆ.

ಹೊರಗೆ ಈ ಕೆಲಸಕ್ಕೆ ಸಂಘಟನೆಯ ರೂಪ ಬಂದು ಬಹಳ ವರ್ಷವಾಯಿತು. ಯುದ್ಧದಲ್ಲಿ ಪಾಳುಬಿದ್ದ ಯುರೋಪಿನಲ್ಲಿ ಯೆಲ್ಲಾ ಲೆಪ್‌ಮನ್ ಎಂಬ ಮಹಿಳೆ ಮಕ್ಕಳ ಪುಸ್ತಕಕ್ಕಾಗಿ ಕಟ್ಟಿದ ಅಂತರರಾಷ್ಟ್ರೀಯ ಮಂಡಳಿ ಶುರುವಾದದ್ದು 1953ರಲ್ಲಿ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ 1971ರಲ್ಲಿ ಹುಟ್ಟಿದ ಮಕ್ಕಳ ಲೇಖಕರ, ಚಿತ್ರಕಾರರ ಸಂಘದಲ್ಲಿ ನಾಲ್ಕೈದು ಮಂದಿ ಕೂತು ಒಬ್ಬರ ಕರಡನ್ನು ಇನ್ನೊಬ್ಬರು ಓದಿ ತಿದ್ದುವುದು ದಿನಚರಿಯೇ ಆಯಿತು. ದೆಹಲಿಯಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ 1957ರಲ್ಲಿ ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಕಟ್ಟಿದರು. ಅವರ ಮುಂದಾಳ್ತನದಲ್ಲಿ 1981ರಲ್ಲಿ ಲೇಖಕರು, ಚಿತ್ರಕಾರರು ಒಂದೇ ಸೂರಿನಡಿ ಬಂದರು.

ನಮ್ಮಲ್ಲಿ? ಧಾರವಾಡದಲ್ಲಿ ಬಾಲವಿಕಾಸ ಅಕಾಡೆಮಿ ಇದೆ, ಶಂಕರ ಹಲಗತ್ತಿಯವರ ಚಿಲಿಪಿಲಿ ಪ್ರಕಾಶನವೂ ‘ಗುಬ್ಬಚ್ಚಿ ಗೂಡು’ ಮಾಸಿಕವೂ ಅಲ್ಲಿಂದಲೇ. ವಿಜಯಪುರ ಕಡೆ ಸಿಸು ಸಂಗಮೇಶ, ಶಂ.ಗು. ಬಿರಾದಾರ ಇವರಿಂದಾಗಿ ಮಕ್ಕಳ ಕವಿಗಳ ಒಂದು ಪರಂಪರೆಯೇ ಬೆಳೆಯಿತು. ಸಾಹಿತ್ಯ ಅಕಾಡೆಮಿಯ ಬಾಲ ಪುರಸ್ಕಾರ 2010ರಲ್ಲಿ ಬೊಳುವಾರು ಅವರ ಗಾಂಧಿ ಕತೆಯಿಂದ ಶುರುವಾಯಿತು. ಮರುವರ್ಷ ಸಾಗರದ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’, ಇತ್ತೀಚೆಗೆ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’. ಬೀಗಾರರು, ಹಾಲಾಡಿಯವರು ಇಬ್ಬರೂ ಮಕ್ಕಳಿಗೆ ಪಾಠ ಹೇಳಿದವರು. ಪಂಜೆಯವರ ಹಳೆಯ ವಿದ್ಯೆ ಈಗಲೂ ನಡೆಯುತ್ತಿದೆ ಎಂದಾಯಿತು.

ಆದರೆ ಗೊಣಗಬೇಕಾದದ್ದೂ ಇದೆ. ಗ್ರಂಥಾಲಯದ ಸಗಟು ಖರೀದಿಯನ್ನೇ ನೆಚ್ಚಿಕೊಂಡ ಪುಸ್ತಕಕ್ಕೆ ಮಗುವಿನ ಒಪ್ಪಿಗೆ ಬೇಕಾಗಿಲ್ಲ. ಪುಟ ಎಣಿಸಿ ಬೆಲೆ ಕಟ್ಟುವಲ್ಲಿ ಹದಿನಾರು ಪುಟದ ಬಣ್ಣದ ಪುಸ್ತಕಕ್ಕೆ ಬೆವರು ಸುರಿಸುವವರು ಯಾರು? ಇನ್ನು ಹಿರಿಯರ ಬಳಗಕ್ಕೆ ಕತೆ ಒಪ್ಪಿಸಿದರೆ ಮೊದಲ ಪ್ರಶ್ನೆ, “ನೀತಿ ಏನು?” ಬಾಲಕ್ಕೆ ನೀತಿ ಹೊಲಿಸಿಕೊಂಡ ಮೇಲೆ ಒಳ್ಳೆಯ ಕತೆಯೂ ಪ್ರಾರ್ಥನೆಯ ಸಾಲಿನಲ್ಲಿ ನಿಂತ ಹುಡುಗನಂತೆ ಕಾಣುತ್ತದೆ. ಬಳಗ ಇದ್ದರೆ ಸಾಲದು, ಅದರಲ್ಲಿ ಒಬ್ಬರಾದರೂ ನಿಷ್ಠುರದವರು ಇರಬೇಕು. ತೋಟದಲ್ಲಿ ಗಿಡಗಸಿ ಮಾಡುವ ಆಳು ಸಾಹುಕಾರರ ಮುಖ ನೋಡಿಕೊಂಡು ಕತ್ತಿ ಹಾಕುವುದಿಲ್ಲವಲ್ಲ, ಹಾಗೆ.

ಚಿತ್ರಪುಸ್ತಕ ಬಂದ ಮೇಲೆ ಪರಿಸ್ಥಿತಿ ಸ್ವಲ್ಪ ತಿರುಗಿದೆ. 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಥಮ್ ಬುಕ್ಸ್, 2015ರ ಅದರ ಸ್ಟೋರಿವೀವರ್, ಚೆನ್ನೈನ ತೂಲಿಕಾ ಇವೆಲ್ಲ ಕನ್ನಡದಲ್ಲೂ ಪುಸ್ತಕ ತಂದವು. ನಮ್ಮ ಜಿಲ್ಲೆಯ ಶೃಂಗೇರಿಯ ಹೆಸರು ಹೊತ್ತ ಶ್ರೀನಿವಾಸ ಎಂಬ ಉದ್ದಗೂದಲಿನ ರೈತನ ಕತೆ ಹೀಗೆ ಎಷ್ಟೋ ಭಾಷೆ ದಾಟಿತು. ಪುಟಕ್ಕೆ ಎರಡು ಸಾಲು ಮಾತ್ರ ಇರುವಾಗ ಬರೆದವರು, ಚಿತ್ರ ಬರೆದವರು, ಸಂಪಾದಕರು ಕೂತು ಜಗಳಾಡಲೇಬೇಕು. ಇನ್ನೊಂದು ಕತೆಗೆ ನನಗೂ ಈ ಭಾಗ್ಯ ಸಿಕ್ಕಿತು. ಪಟ್ಟಣದ ಚಿತ್ರಕಾರರೊಬ್ಬರು ಕಳಿಸಿದ ಮೊದಲ ಕರಡಿನಲ್ಲಿ ಕಾಫಿ ತೋಟ ಬೋಳು ಗುಡ್ಡದ ಮೇಲೆ ಮಟ್ಟಸವಾಗಿ ಕತ್ತರಿಸಿದ ಹಸಿರು ಹಾಸಾಗಿತ್ತು. ನೆರಳಿನ ಮರ ಒಂದೂ ಇಲ್ಲ, ಮೆಣಸಿನ ಬಳ್ಳಿ ಇಲ್ಲ. ಅಪ್ಪಟ ಚಹಾ ತೋಟ! ಸಿಲ್ವರ್ ಓಕ್, ಅತ್ತಿ, ಹಲಸಿನ ಫೋಟೊ ತೆಗೆದು ಕಳಿಸಿದೆ. ಅವರು ಬೇಸರಿಸಲಿಲ್ಲ. ಬದಲಿಗೆ ನನ್ನ ನಾಲ್ಕು ಸಾಲು ಹೊಡೆದು, “ಇದನ್ನೆಲ್ಲ ನಾನು ಚಿತ್ರದಲ್ಲಿ ಹೇಳಿದೀನಿ, ನೀವ್ಯಾಕೆ ಮತ್ತೆ ಹೇಳ್ತೀರಿ?” ಎಂದರು. ಎರಡು ದಿನ ಮುನಿಸಿಕೊಂಡಿದ್ದು ಸಾಲು ತೆಗೆದೆ.

ಈಗ ತಿಂಗಳಿಗೊಮ್ಮೆ ಶನಿವಾರ ನಾವು ಐದು ಜನ ಪೇಟೆಯಲ್ಲಿ ಕೂರುತ್ತೇವೆ. ಇಬ್ಬರು ಟೀಚರು, ಒಬ್ಬ ಚಿತ್ರ ಬರೆಯುವವನು, ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದ ಒಬ್ಬರು, ಮತ್ತೆ ನಾನು. ಓದುವಾಗ ಬರೆದವನು ಬಾಯಿ ಬಿಡುವಂತಿಲ್ಲ, ‘ಚೆನ್ನಾಗಿದೆ’ ಎನ್ನುವ ಪದ ಬಳಸುವಂತಿಲ್ಲ. ಹೊಸ ಕರಡಿನಲ್ಲಿ ಇಂಬಳದ ಹುಡುಗ ಕಿರುಚುವುದಿಲ್ಲ, ಕಾಲು ತೊಳೆಯುವಾಗ ಬಚ್ಚಲ ನೀರು ಕೆಂಪಾದದ್ದು ನೋಡಿ ಬೆರಗಾಗುತ್ತಾನೆ. ಅದನ್ನು ಅದೇ ಶಾಲೆಗೆ ಮತ್ತೆ ಒಯ್ದೆ. ಎರಡನೇ ಸಾಲಿನವನು ತಲೆಯಾಡಿಸಿದ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಮಾತ್ರ ಪಕ್ಕದವಳನ್ನು ತಿವಿದು ಏನೋ ಕೇಳುತ್ತಿದ್ದಳು. ಅಪ್ಪ ಅಮ್ಮ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರು, ಲೈನ್ ಮನೆಯಲ್ಲಿ ವಾಸ. ಇಂಬಳ ಎಂದರೆ ಏನೆಂದು ಅವಳಿಗೆ ತಿಳಿದಿರಲಿಲ್ಲ. ಪಕ್ಕದವಳು ಬೆರಳು ಮಡಿಚಿ ಬಿಚ್ಚಿ ನೆಲದ ಮೇಲೆ ನಡೆಸಿ ತೋರಿಸಿದಳು. ಹುಡುಗಿಯ ಮುಖ ಅರಳಿತು. “ಜೋಕ್!” ಎಂದಳು. ತರಗತಿಗೆ ತರಗತಿಯೇ ನಕ್ಕಿತು, ನಗೆಹನಿಯ ಜೋಕು ಎಂದುಕೊಂಡು. ಅವಳೂ ನಕ್ಕಳು.

ಆ ಪದವನ್ನು ಕರಡಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಎಲ್ಲಿ ಸೇರಿಸಬೇಕೆಂದು ಬರುವ ಶನಿವಾರ ಕೇಳಬೇಕು.